ಬದುವಿನ ಟಣಟಣಿ



ಬಿದ್ರಿಯಿಂದ ಗಡಹಿಂಗ್ಲಜದ ಕಡೆಗೆ ಬರುವಾಗ ಹೊಲದ ಬದು, ಹಳ್ಳದ ದಂಡೆ, ಗಾಯರಾಣಗಳಲ್ಲಿ ಒಂದು ಗಿಡವನ್ನು ನೀವು ನೋಡಿಯೇ ಇರುತ್ತೀರಿ. ಮರಾಠಿಯಲ್ಲಿ ಟಣಟಣಿ, ಘಾಣೇರಿ, ಕನ್ನಡದಲ್ಲಿ ಲಂಟಾನ. ಹೂವು ಚೆಂದ, ಒಂದೇ ಗೊಂಚಲಿನಲ್ಲಿ ಎರಡು ಮೂರು ಬಣ್ಣ. ಆ ಚೆಂದಕ್ಕೆ ಮರುಳಾಗಿಯೇ ಇಂಗ್ಲಿಷರು ಅಮೆರಿಕ ಖಂಡದ ಈ ಗಿಡವನ್ನು 19ನೆಯ ಶತಮಾನದ ಆರಂಭದಲ್ಲಿ ಕಲಕತ್ತೆಯ ತೋಟಕ್ಕೆ ತಂದರು. ತೋಟದ ಬೇಲಿ ಅದನ್ನು ತಡೆಯಲಿಲ್ಲ.

ಇದರ ನಡೆ ನೋಡಿರಿ. ಕಾಯಿ ಮಾಗಿ ಕಪ್ಪಾದಾಗ ಹಕ್ಕಿ ತಿಂದು ದೂರದಲ್ಲಿ ಹಿಕ್ಕೆ ಹಾಕುತ್ತದೆ. ಅಲ್ಲೊಂದು ಹೊಸ ಗಿಡ. ಬಾಗಿದ ಟೊಂಗೆ ಹಸಿ ಮಣ್ಣಿಗೆ ತಾಗಿದರೆ ಅಲ್ಲಿಯೂ ಬೇರು. ಮರ ಸಿಕ್ಕರೆ ಅದನ್ನೇ ಹಿಡಿದು ಮೇಲೇರುತ್ತದೆ. ಅದರ ಬುಡದಲ್ಲಿ ಹುಲ್ಲು ಏಳುವುದಿಲ್ಲ. ಕಬ್ಬಿನ ಹೊಲವಿದ್ದವನು ಸೋಗೆ ಹಾಕಿಯಾದರೂ ಎಮ್ಮೆ ಸಾಕಿಯಾನು. ಹೊಲವಿಲ್ಲದವಳ ಒಂದು ಆಕಳು ಗಾಯರಾಣವನ್ನೇ ನಂಬಿದೆ. ಹಸಿವಿಗೆ ಈ ಎಲೆ ತಿಂದ ದನಕ್ಕೆ ಪಿತ್ತಕೋಶ ಕೆಟ್ಟು ಕಾಮಾಲೆ ಆಗುತ್ತದೆ, ಮೇವು ಬಿಡುತ್ತದೆ, ಬಿಸಿಲಿಗೆ ನಿಂತರೆ ಬಿಳಿ ಚರ್ಮ ಸುಲಿಯುತ್ತದೆ. ಅಂಥದನ್ನು ನೆರಳಿಗೆ ಕಟ್ಟಿ ಕೂಡಲೇ ಪಶುವೈದ್ಯರನ್ನು ಕರೆಯಿರಿ, ಅಂಗಾರ ಹಚ್ಚಿ ಕಾಯುತ್ತ ಕೂಡಬೇಡಿರಿ.

ಭಕ್ತರೊಬ್ಬರು ಹೇಳಿದರು: "ಅಪ್ಪಾರ, ವರ್ಷಾ ಕಡೀತೀನ್ರಿ, ವರ್ಷಾ ಬರತೈತ್ರಿ." ಎಲ್ಲಿ ಕಡಿಯುತ್ತೀರಿ ಎಂದು ಕೇಳಿದೆವು. "ನೆಲದ ಮ್ಯಾಲ್ರಿ" ಎಂದರು. ತಪ್ಪು ಅಲ್ಲಿಯೇ ಇದೆ. ಕಾಂಡವೂ ಬೇರೂ ಕೂಡುವ ಗಂಟಿನಲ್ಲಿ ಇದರ ಚಿಗುರುವ ಶಕ್ತಿ. ಬೆಂಕಿ ಹಚ್ಚಿದರೂ ಮಳೆಗೆ ಮತ್ತೆ ಏಳುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ತೋರಿಸಿದ ರೀತಿ ಬೇರೆ: ನೆಲದೊಳಗೆ ಮೂರ್ನಾಲ್ಕು ಬೆರಳು ಕೆಳಗೆ ತಾಯಿಬೇರು ಕಡಿದು, ಗಿಡವನ್ನು ತಲೆಕೆಳಗು ಮಾಡಿ ಒಣಗಿಸುವುದು. ತೆರವಾದ ನೆಲಕ್ಕೆ ಹುಲ್ಲು ಬಿತ್ತದಿದ್ದರೆ ಹಕ್ಕಿ ಬಿತ್ತುತ್ತದೆ. ಕಡಿದ ಕೋಲೂ ವ್ಯರ್ಥವಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ ಹೆಣೆಯುತ್ತಾರೆ, ಆಳೆತ್ತರ ಮೀರಿದ ಆನೆಗಳನ್ನೂ ಮಾಡಿದ್ದಾರೆ. ಅದೂ ಕಾಯಕ.

ಇನ್ನೊಂದು ಮಾತು. ಟಣಟಣಿ ದಟ್ಟವಾಗಿ ಬೆಳೆದಿರುವುದು ಅಣ್ಣತಮ್ಮಂದಿರು ಮಾತು ಬಿಟ್ಟ ಬದುವಿನ ಮೇಲೆ. "ಅದು ಅವನ ಕಡೆಯದು" ಎಂದು ಇಬ್ಬರೂ ಕೊಡಲಿ ಮುಟ್ಟುವುದಿಲ್ಲ. ಹಿರಿಯರು ಕೂಡಿಸಿ ಕೈ ಹಿಡಿಸುತ್ತಾರೆ; ಮೂರು ತಿಂಗಳಿಗೆ ಮತ್ತೆ ಕೋರ್ಟಿನ ಮೆಟ್ಟಿಲು. ಅದೂ ನೆಲದ ಮೇಲಿನ ಕಡಿತವೇ. ಯಾವ ಮಾತಿನಿಂದ ಮುನಿಸು ಹುಟ್ಟಿತೋ ಅದನ್ನು ಯಾರೂ ಬಾಯಿಬಿಟ್ಟು ಕೇಳಿರುವುದಿಲ್ಲ.

ಈ ಸಲ ಮಳೆ ಬಿದ್ದು ಮಣ್ಣು ಹಸಿಯಾದಾಗ ಗುದ್ದಲಿ ಹಿಡಿಯಿರಿ. ಬದುವಿನ ಎರಡೂ ಕಡೆಯವರು ಒಂದೇ ದಿನ ಬರಲಿ. ಬುತ್ತಿಯನ್ನೂ ಕೂಡಿಯೇ ಬಿಚ್ಚಲಿ.