ಮಿತಾಕ್ಷರವೂ ಮನೆಮಗಳ ಪಾಲೂ

ಮದುವೆಯಾಗಿ ಹೊರಟುಹೋದ ಮಗಳು ತವರಿನ ಆಸ್ತಿಯಲ್ಲಿ ಪಾಲು ಕೇಳುವುದು ಧರ್ಮವೋ ಅಧರ್ಮವೋ? ಬರಿಯ ಕಾಯಿದೆಯ ಪ್ರಶ್ನೆಯೆಂದು ಬಗೆದರೆ ಇದಕ್ಕೆ ಉತ್ತರ ದೊರೆತಾಗಿದೆ. ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತದಲ್ಲಿ ಮಗನಿಗೂ ಮಗಳಿಗೂ ಸಮಪಾಲೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ವಿಧಿಸಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯು ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿಯೂ ಆಕೆಗೆ ಹುಟ್ಟಿನಿಂದಲೇ ಹಕ್ಕನ್ನಿತ್ತಿತು. ಆ ದಿನ ತಂದೆ ಬದುಕಿರಲೇಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟಿನಲ್ಲಿ ನಿರ್ಣಯಿಸಿತು.

ಆದರೆ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಕಾಯಿದೆಯ ವೇಷದಲ್ಲಿ ಬರುವುದಿಲ್ಲ. ಊರಿನಿಂದ ಅಣ್ಣನ ಕರೆ ಬರುತ್ತದೆ: "ಹಬ್ಬಕ್ಕೆ ಬಂದಾಗ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದು ಸಹಿ ಹಾಕಿ ಹೋಗಮ್ಮಾ." ಅದು ಹಕ್ಕುಬಿಡುಗಡೆ ಪತ್ರವೆಂದು ತಂಗಿಗೆ ಗೊತ್ತು, ಸಹಿ ಮಾಡದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬುದೂ ಗೊತ್ತು. ಹಿರಿಯರು ಯಾರಾದರೊಬ್ಬರು, ಹೆಣ್ಣುಮಕ್ಕಳಿಗೆ ಶಾಸ್ತ್ರದಲ್ಲಿ ಪಾಲಿಲ್ಲ, ಇದೆಲ್ಲ ಈಚಿನ ಸರ್ಕಾರಗಳು ತಂದ ಹೊಸ ಪದ್ಧತಿ ಎಂದು ಮಾತು ಮುಗಿಸುತ್ತಾರೆ. ಈ ಮಾತು ಎಷ್ಟು ನಿಜವೆಂದು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಯಾವ ಶಾಸ್ತ್ರ? ಬಂಗಾಳ, ಅಸ್ಸಾಮುಗಳನ್ನುಳಿದು ಭರತಖಂಡದ ಬಹುಭಾಗದಲ್ಲಿ ಹಿಂದೂಗಳ ದಾಯವಿಭಾಗಕ್ಕೆ ಆಧಾರವಾದದ್ದು ಮಿತಾಕ್ಷರ. ಅದು ಹುಟ್ಟಿದ್ದು ಕನ್ನಡನಾಡಿನಲ್ಲಿ. ತುರ್ಭೆಯಲ್ಲಿರುವ ನಮಗೆ ಕಲ್ಯಾಣವೆಂದೊಡನೆ ಠಾಣೆಯಾಚೆಯ ರೈಲ್ವೆ ಜಂಕ್ಷನ್ನೇ ಕಣ್ಣಮುಂದೆ ನಿಲ್ಲುತ್ತದೆ. ನಾನು ಹೇಳುತ್ತಿರುವುದು ಬೀದರ ಜಿಲ್ಲೆಯ ಕಲ್ಯಾಣವನ್ನು, ಇಂದಿನ ಬಸವಕಲ್ಯಾಣವನ್ನು. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಈ ವ್ಯಾಖ್ಯಾನವನ್ನು ರಚಿಸಿದನು. ಗ್ರಂಥದ ಕೊನೆಯಲ್ಲಿ ಅವನು ಆ ನಗರವನ್ನೂ ಆ ಅರಸನನ್ನೂ ಹೃದಯ ತುಂಬಿ ಕೊಂಡಾಡಿದ್ದಾನೆ. ಒಂಬೈನೂರು ವರ್ಷಗಳ ಬಳಿಕವೂ ನಮ್ಮ ಬ್ಯಾಂಕುಗಳಲ್ಲಿ 'ಹಿಂದೂ ಅವಿಭಕ್ತ ಕುಟುಂಬ'ದ ಹೆಸರಿನಲ್ಲಿ ಖಾತೆ ತೆರೆಯುವವರಿದ್ದಾರೆ. ನಮೂನೆಗೆ ಸಹಿ ಹಾಕುವ ಕರ್ತನಿಗಾಗಲಿ, ಅದನ್ನು ಪರಿಶೀಲಿಸುವ ಗುಮಾಸ್ತನಿಗಾಗಲಿ ಕಲ್ಯಾಣದ ಆ ಪಂಡಿತನ ನೆನಪಿರುವುದಿಲ್ಲ.

ಪುತ್ರನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸ್ವತ್ವವುಂಟೆಂಬುದು ಮಿತಾಕ್ಷರದ ಪ್ರಸಿದ್ಧ ಸಿದ್ಧಾಂತ. ತಂದೆಯ ಮರಣಾನಂತರವೇ ಹಕ್ಕು ಹುಟ್ಟುವುದೆಂದು ವಂಗದೇಶದ ಜೀಮೂತವಾಹನನು ಬೇರೆ ದಾರಿ ಹಿಡಿದನು. ಪುತ್ರನ ಜನ್ಮಸಿದ್ಧ ಹಕ್ಕನ್ನು ನಾವು ಚೆನ್ನಾಗಿ ನೆನಪಿಟ್ಟುಕೊಂಡೆವು. ಅದೇ ಗ್ರಂಥದಲ್ಲಿ ಮಗಳ ವಿಷಯವಾಗಿ ಇರುವುದನ್ನು ಮರೆತೆವು.

ಅವಿವಾಹಿತ ಸೋದರಿಯರಿಗೆ ಸೋದರರು ಕಾಲುಪಾಲನ್ನು ಕೊಡಬೇಕೆಂಬುದು ಸ್ಮೃತಿವಚನ. ಮದುವೆಯ ಖರ್ಚಿಗೆ ಸಾಲುವಷ್ಟು ಕೊಟ್ಟರಾಯಿತೆಂದು ಇದನ್ನು ಅರ್ಥೈಸಿದವರು ವಿಜ್ಞಾನೇಶ್ವರನ ಕಾಲದಲ್ಲಿಯೂ ಇದ್ದರು. ಆ ಪಕ್ಷವನ್ನೆತ್ತಿಕೊಂಡು ಅವನು ಖಂಡಿಸುತ್ತಾನೆ. ಕೊಡದವರು ಪತಿತರಾಗುವರೆಂದು ಮನುವೇ ಹೇಳಿರುವಾಗ ಇದು ಅಣ್ಣತಮ್ಮಂದಿರ ಔದಾರ್ಯಕ್ಕೆ ಬಿಟ್ಟದ್ದಲ್ಲ. ತಾನು ಗಂಡಾಗಿದ್ದರೆ ಪಡೆಯಬಹುದಾಗಿದ್ದ ಭಾಗದ ಕಾಲಂಶಕ್ಕೆ ಆಕೆ ದಾಯಭಾಗಿನಿಯೇ ಎಂಬುದು ಅವನ ನಿಲುವು. ಕಾಲಂಶ ಸಮಪಾಲಲ್ಲ, ಮದುವೆಯಾದವಳಿಗೆ ಅದೂ ಇಲ್ಲ ಎಂಬುದು ದಿಟ. ಆದರೂ ಮಗಳ ಪಾಲು ಎಂಬ ಕಲ್ಪನೆಯೇ ಶಾಸ್ತ್ರಬಾಹಿರವೆನ್ನುವವರು ಈ ಪ್ರಕರಣವನ್ನು ಓದಿದವರಲ್ಲ. ಸ್ತ್ರೀಧನದ ವಿಷಯದಲ್ಲಿಯೂ ಅವನ ಕೈ ಧಾರಾಳವಾಗಿದೆ: ಮದುವೆಯಲ್ಲಿ ಬಂದ ಉಡುಗೊರೆಗಳಷ್ಟೇ ಅಲ್ಲ, ದಾಯದಿಂದ, ಕ್ರಯದಿಂದ, ವಿಭಾಗದಿಂದ ಬಂದದ್ದೂ ಸ್ತ್ರೀಧನವೇ.

ಇದಕ್ಕಿಂತಲೂ ಗಹನವಾದ ವಿಚಾರವೊಂದಿದೆ. ಜ್ಯೇಷ್ಠಪುತ್ರನಿಗೆ ಹೆಚ್ಚಿನ ಪಾಲು ಕೊಡಬೇಕೆಂಬ ವಚನಗಳು ಸ್ಮೃತಿಗಳಲ್ಲಿ ಸ್ಪಷ್ಟವಾಗಿಯೇ ಇವೆ. ವಿಜ್ಞಾನೇಶ್ವರ ಅವನ್ನು ಅಲ್ಲಗಳೆಯುವುದಿಲ್ಲ; ಆದರೆ ಆಚರಿಸಲಾಗದು ಎನ್ನುತ್ತಾನೆ. ಕಾರಣ, ಅದು ಲೋಕವಿದ್ವಿಷ್ಟ: ಜನರ ಅಂತಃಕರಣ ಒಪ್ಪದ್ದು. ಶಾಸ್ತ್ರವಿಹಿತವಾದರೂ ಲೋಕ ದ್ವೇಷಿಸುವುದನ್ನು ಮಾಡಬಾರದೆಂದು ಯಾಜ್ಞವಲ್ಕ್ಯನೇ ಹೇಳಿರುವುದನ್ನು ಆಧರಿಸಿ, ನಿಯೋಗದಂತೆ ಹಿಂದೆ ವಿಹಿತವಾಗಿದ್ದು ಬಳಿಕ ಕೈಬಿಟ್ಟ ಆಚಾರಗಳನ್ನು ನಿದರ್ಶನವಾಗಿ ಕೊಟ್ಟು, ಸೋದರರಲ್ಲಿ ಸಮವಿಭಾಗವನ್ನು ಅವನು ಸ್ಥಾಪಿಸುತ್ತಾನೆ. ಸ್ವತ್ವವೆಂಬುದೇ ಲೌಕಿಕ, ಲೋಕವ್ಯವಹಾರದಿಂದ ಸಿದ್ಧವಾದದ್ದು ಎಂದು ವಾದಿಸಿದ ಪಂಡಿತನಿಗೆ ಇದು ಸಹಜವೇ. ಹಿರಿಯಣ್ಣನ ಹೆಚ್ಚುವರಿ ಪಾಲನ್ನು ಕಳೆದ ಅದೇ ತರ್ಕವನ್ನು ಮುಂದುವರಿಸಿದರೆ, ತಂಗಿಯ ಶೂನ್ಯಪಾಲು ಈ ಕಾಲದ ಅಂತಃಕರಣಕ್ಕೆ ಒಪ್ಪಿಗೆಯಾದೀತೆ? ನನಗಂತೂ 2005ರ ತಿದ್ದುಪಡಿಯು ಮಿತಾಕ್ಷರವನ್ನು ಮುರಿಯಿತೆನ್ನುವುದಕ್ಕಿಂತ ಅದರ ನಡಿಗೆಯನ್ನು ಮುಂದುವರಿಸಿತೆಂದೇ ತೋರುತ್ತದೆ.

ನಡುವಿನ ಕಾಲದಲ್ಲಿ ಆ ನಡಿಗೆ ತಡವರಿಸಿತು. ಕಾಲುಪಾಲು ಆಚರಣೆಯಲ್ಲಿ ಮದುವೆಯ ಖರ್ಚಾಗಿ ಕುಗ್ಗಿತು. 1810ರಲ್ಲಿ ಕೋಲ್‌ಬ್ರೂಕ್ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಗ್ರಂಥವು ನ್ಯಾಯಾಲಯಗಳ ಮೇಜಿಗೇರಿತು. ಆದರೆ ದಾಯದಿಂದ ಬಂದದ್ದೂ ಸ್ತ್ರೀಧನವೆಂಬ ಮಾತನ್ನು ಪ್ರಿವಿ ಕೌನ್ಸಿಲ್ ಪೂರ್ಣವಾಗಿ ಮನ್ನಿಸಲಿಲ್ಲ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಪ್ರತ್ಯೇಕ ಕಾಯಿದೆ ಮಾಡಿತೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. 1994ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳೆರಡೂ ಮಗಳಿಗೆ ಜನ್ಮಸಿದ್ಧ ಹಕ್ಕನ್ನು ಕೊಟ್ಟವಾದರೂ ಆ ಮೊದಲೇ ಮದುವೆಯಾದವರನ್ನು ಹೊರಗಿಟ್ಟವು. ಕೇಂದ್ರದ ತಿದ್ದುಪಡಿಯೇ ಆ ಭೇದವನ್ನು ಅಳಿಸಿದ್ದು.

ಇಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರು ಕರಾವಳಿಯವರು. ಅವರಲ್ಲಿ ಹಲವರ ಹಿರಿಯರು ಮಿತಾಕ್ಷರಕ್ಕೆ ಒಳಪಟ್ಟವರಲ್ಲ. ಭೂತಾಳ ಪಾಂಡ್ಯನಿಂದ ಬಂತೆಂದು ಐತಿಹ್ಯವುಳ್ಳ ಅಳಿಯಸಂತಾನ ಕಟ್ಟಿನಲ್ಲಿ ವಂಶವೂ ಸ್ವತ್ತೂ ತಾಯಿಯ ಕಡೆಯಿಂದಲೇ ಹರಿಯುತ್ತಿದ್ದವು. ಮಗಳಿಲ್ಲದೆ ಕುಟುಂಬವೇ ಇಲ್ಲ. ಯಜಮಾನಿಕೆ ಮಾತ್ರ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿರುತ್ತಿತ್ತೆಂಬುದು ಬೇರೆ ಮಾತು. ಹೆಣ್ಣಿಗೆ ಪಾಲು ಕೊಟ್ಟರೆ ಮನೆತನ ಉಳಿಯದೆನ್ನುವ ಘಟ್ಟದ ಮೇಲಿನವರು, ಘಟ್ಟದ ಕೆಳಗೆ ಹೆಣ್ಣಿನಿಂದಲೇ ಮನೆತನಗಳು ಶತಮಾನಗಳ ಕಾಲ ಉಳಿದುಬಂದುದನ್ನು ಗಮನಿಸಬೇಕು.

ಅಣ್ಣನ ಪಕ್ಷವನ್ನೂ ಕೇಳದೆ ಬಿಡುವುದು ನ್ಯಾಯವಲ್ಲ. ಊರಿನಲ್ಲಿ ಉಳಿದವನು ಅವನು. ಮುಪ್ಪಿನ ತಂದೆತಾಯಿಗಳನ್ನು ಆಸ್ಪತ್ರೆಗೆ ಕರೆದೊಯ್ದವನು, ಮಳೆಯಿಲ್ಲದ ವರ್ಷದಲ್ಲಿ ಸೊಸೈಟಿಯ ಸಾಲ ತೀರಿಸಿದವನು, ತಂಗಿಯ ಮದುವೆಗೆ ಹೊಲ ಅಡವಿಟ್ಟವನೂ ಅವನೇ ಆಗಿರಬಹುದು. ಇರುವ ಮೂರೆಕರೆಯನ್ನು ನಾಲ್ಕು ಭಾಗ ಮಾಡಿದರೆ ಯಾರ ಹೊಟ್ಟೆಯೂ ತುಂಬದು. ಮಹಾನಗರದಲ್ಲಿ ಫ್ಲ್ಯಾಟು ಕೊಂಡ ತಂಗಿ ಇದನ್ನೆಲ್ಲ ತೂಗಿನೋಡಿ ತನ್ನ ಪಾಲನ್ನು ಬಿಟ್ಟುಕೊಟ್ಟರೆ ಅದು ನಿಸ್ಸಂದೇಹವಾಗಿ ದೊಡ್ಡ ತ್ಯಾಗ.

ಆದರೆ ತ್ಯಾಗವಾಗಬೇಕಾದರೆ ಅದು ಮೊದಲು ಅವಳದಾಗಿರಬೇಕಷ್ಟೆ! ತನ್ನ ಸ್ವತ್ವವನ್ನು ನಿವೃತ್ತಿಗೊಳಿಸಿ ಮತ್ತೊಬ್ಬರ ಸ್ವತ್ವವನ್ನು ಉಂಟುಮಾಡುವುದೇ ದಾನವೆಂದು ನಮ್ಮ ಶಾಸ್ತ್ರಕಾರರು ನಿರೂಪಿಸುತ್ತಾರೆ. "ನಿನ್ನದೇನೂ ಇಲ್ಲ, ಸುಮ್ಮನೆ ಒಂದು ಸಹಿ" ಎಂದು ಹೇಳಿ ಪಡೆದದ್ದರಲ್ಲಿ ದಾನವೆಲ್ಲಿದೆ, ದಾನಿಯೆಲ್ಲಿ? ಬಲಾತ್ಕಾರದಿಂದಲೂ ಭಯಾದಿಗಳಿಂದಲೂ ನಡೆದ ವ್ಯವಹಾರಗಳನ್ನು ರದ್ದುಗೊಳಿಸಬೇಕೆಂದು ಯಾಜ್ಞವಲ್ಕ್ಯನ ವಿಧಿ. ತವರಿನ ಬಾಗಿಲು ಮುಚ್ಚೀತೆಂಬ ಭಯ ಭಯಗಳಲ್ಲಿ ಚಿಕ್ಕದೇನೂ ಅಲ್ಲ. ನವರಾತ್ರಿಯಲ್ಲಿ ಮನೆಮಗಳನ್ನು ಕರೆಸಿ, ಅರಿಸಿನ ಕುಂಕುಮವಿಟ್ಟು, ಉಡಿ ತುಂಬಿ ದೇವಿಯೆಂದೇ ನಮಸ್ಕರಿಸುತ್ತೇವೆ. ಅದೇ ವಾರ ಅವಳ ಮುಂದೆ ಓದಿ ಹೇಳದ ಕಾಗದವನ್ನು ಚಾಚುವ ಕೈ ನಮ್ಮದೇ.

ಪತ್ರವನ್ನು ಬರೆಸುವವರು ಸರ್ವೇ ನಂಬರು, ವಿಸ್ತೀರ್ಣ, ಅವಳ ಭಾಗ ಎಷ್ಟು, ಅದರ ಇಂದಿನ ಬೆಲೆಯೇನು ಎಂಬುದನ್ನು ಅದರಲ್ಲಿ ನಮೂದಿಸಲಿ. ಹಬ್ಬದ ಗಡಿಬಿಡಿಯಲ್ಲಿ ಬೇಡ, ತಿಂಗಳು ಮುಂಚೆ ಅವಳ ಕೈಗೆ ಪ್ರತಿ ಸೇರಲಿ. ಓದಿದ ಮೇಲೆ ಅವಳು ಬಿಟ್ಟುಕೊಡಬಹುದು, ಅರ್ಧ ಉಳಿಸಿಕೊಳ್ಳಬಹುದು, ಅಣ್ಣನ ಮಗಳ ಹೆಸರಿಗೇ ಬರೆಯಬಹುದು, ಇಲ್ಲವೆ ಪೂರ್ತಿ ಕೇಳಬಹುದು. ಕೇಳಿದಳೆಂದು ಮುಂದಿನ ದಸರೆಗೆ ಅವಳನ್ನು ಕರೆಯದಿರುವ ಮನೆ, ವಿಜ್ಞಾನೇಶ್ವರನು ಮನುವಿನಿಂದ ಎತ್ತಿಕೊಂಡ 'ಪತಿತ'ರೆಂಬ ಮಾತನ್ನು ಒಮ್ಮೆ ತೆರೆದು ನೋಡಬೇಕು.