ದಾರಿಯಲ್ಲಿ ದೊರೆತದ್ದು ಯಾರದು?

ಅಚೌರ್ಯಾಣುವ್ರತದ ವಿಷಯ ಬಂದಾಗ ಕಳ್ಳಮಾಲಿನ ಖರೀದಿ, ತೂಕದ ಮೋಸ, ಕಲಬೆರಕೆ ಇವುಗಳ ಪ್ರಸ್ತಾಪವೇ ಹೆಚ್ಚು. ಇವುಗಳಿಂದ ದೂರವಿರುವ ಗೃಹಸ್ಥನು ತನ್ನ ವ್ರತ ಅಬಾಧಿತವಾಗಿದೆಯೆಂದು ನಿಶ್ಚಿಂತನಾಗಿರುತ್ತಾನೆ. ಆದರೆ ಬ್ಯಾಂಕು, ಅಂಚೆ ಕಚೇರಿ ಎಂದು ಸಣ್ಣಪುಟ್ಟ ಕೆಲಸಗಳಿಗೆ ಓಡಾಡುವಾಗ, ಮನಸ್ಸು ಬೇರೆಲ್ಲೋ ಇರುವಾಗಲೇ ಈ ವ್ರತಕ್ಕೆ ಪರೀಕ್ಷೆ ಒದಗುವುದುಂಟು.

ಜವಳಿ ಅಂಗಡಿಯೊಂದರ ಗುಮಾಸ್ತನ ಒಂದು ದಿನವನ್ನು ಕಲ್ಪಿಸಿಕೊಳ್ಳಬಹುದು. ಬ್ಯಾಂಕಿಗೆ ಹಣ ಕಟ್ಟಬೇಕು. ಅಲ್ಲಿಂದ ಅಂಚೆ ಕಚೇರಿಯಲ್ಲಿ ಒಂದು ಸ್ಪೀಡ್ ಪೋಸ್ಟ್. ಮರಳುವಾಗ ದರ್ಜಿಯ ಬಳಿ ಒಂದು ಮಾತು ಕೇಳಿ ಬರಬೇಕು. ಬ್ಯಾಂಕಿನಲ್ಲಿ ಚಲನ್ ಬರೆಯುವ ಮೇಜಿನ ಕೆಳಗೆ ಮಡಚಿದ ಐನೂರರ ನೋಟೊಂದು ಕಂಡಿತು. ಪಕ್ಕದಲ್ಲಿದ್ದ ಇಬ್ಬರೂ ತಮ್ಮದಲ್ಲವೆಂದರು. ಅವಸರವಿದ್ದುದರಿಂದ ಅವನು ನೋಟನ್ನು ಜೇಬಿಗೆ ಸೇರಿಸಿ ಹೊರಟನು. ಸಂಜೆ ಸಾಹುಕಾರರ ಮುಂದೆ ಇಟ್ಟನು. ಸಾಹುಕಾರರು ಸಜ್ಜನರು. “ನಮಗೆ ಬೇಡ ತಮ್ಮಾ, ನಾಳೆ ಬಸದಿಯ ಹುಂಡಿಗೆ ಹಾಕಿಬಿಡು” ಎಂದರು.

ಬಹುಮಂದಿ ಶ್ರಾವಕರು ಹೇಳುವ ಮಾತೂ ಇದೇ. ಇದರಲ್ಲಿ ಲೋಭವಿಲ್ಲ, ಕೇಳಿದವರು ಮೆಚ್ಚುತ್ತಾರೆ. ಆದರೂ ಇಲ್ಲಿ ತೊಡಕಿದೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಣುವ್ರತವನ್ನು ನಿರೂಪಿಸುವಾಗ ಪರರ ವಸ್ತು ಇಟ್ಟದ್ದಾಗಿರಲಿ, ಬಿದ್ದದ್ದಾಗಿರಲಿ, ಮರೆತದ್ದಾಗಿರಲಿ, ಕೊಡದೆ ಇದ್ದುದನ್ನು ತಾನು ತೆಗೆದುಕೊಳ್ಳಬಾರದೆಂದು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ಅದನ್ನು ಇನ್ನೊಬ್ಬರಿಗೆ ಕೊಡಲೂಬಾರದೆನ್ನುತ್ತಾರೆ. ಮೊದಲ ಮಾತು ಎಲ್ಲರ ನೆನಪಿನಲ್ಲಿದೆ, ಎರಡನೆಯದರ ಕಡೆಗೆ ಗಮನ ಕಡಿಮೆ. ತನ್ನದಲ್ಲದ್ದನ್ನು ದಾನ ಮಾಡುವ ಅಧಿಕಾರ ಯಾರಿಗೂ ಇಲ್ಲ, ಪಡೆಯುವವನು ದೇವರೇ ಆದರೂ. ಹುಂಡಿಗೆ ಹಾಕಿದವನ ಮನಸ್ಸು ಹಗುರವಾಗುವುದು ನಿಜ. ಹಣ ಕಳೆದುಕೊಂಡವನ ಮನಸ್ಸು ಹಗುರವಾಯಿತೆ? ಆ ಐನೂರು ಯಾರದೋ ಔಷಧದ ಹಣವಾಗಿರಬಹುದು, ಯಾರದೋ ಮಗಳ ಪರೀಕ್ಷಾ ಶುಲ್ಕವಾಗಿರಬಹುದು.

ಲೌಕಿಕ ಕಾನೂನು ಈ ವಿಷಯದಲ್ಲಿ ತುಸು ಉದಾರಿ. ರಸ್ತೆಯಲ್ಲಿ ಬಿದ್ದ ಒಂದು ರೂಪಾಯಿಯನ್ನು, ಯಾರದೆಂದು ತಿಳಿಯದೆ ಎತ್ತಿಕೊಂಡವನು ಅಪರಾಧಿಯಲ್ಲವೆಂದು 1860ರ ದಂಡ ಸಂಹಿತೆಯೇ ಉದಾಹರಣೆ ಕೊಟ್ಟಿತ್ತು. ಒಡೆಯನು ಯಾರೆಂದು ತಿಳಿದಿದ್ದರೆ, ಅಥವಾ ತಕ್ಕ ಪ್ರಯತ್ನದಿಂದ ತಿಳಿಯಬಹುದಾಗಿದ್ದರೆ ಮಾತ್ರ ಬಳಸಿಕೊಂಡವನು ದೋಷಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮಿನಲ್ಲೂ ಇದೇ ತತ್ತ್ವವಿದೆ. 1872ರ ಕರಾರು ಅಧಿನಿಯಮದ 71ನೆಯ ಕಲಮಾದರೋ ಪರರ ವಸ್ತುವನ್ನು ಕಂಡು ತನ್ನ ವಶಕ್ಕೆ ತೆಗೆದುಕೊಂಡವನ ಮೇಲೆ, ಒಪ್ಪಿಸಿದ ವಸ್ತುವನ್ನು ಕಾಯುವವನ ಹೊಣೆಯನ್ನೇ ಹೊರಿಸುತ್ತದೆ. ವ್ಯಾಪಾರಸ್ಥರಿಗೆ ಒಗ್ಗುವ ಮಾತಿದು.

ವಾಸ್ತವವಾಗಿ ವರ್ತಕನಿಗೆ ದಾರಿ ತೋರಲು ಅವನ ಖಾತೆವಹಿಯೇ ಸಾಕು. ಯಾರು ಕಟ್ಟಿದರೆಂದು ತಿಳಿಯದ ಹಣ ಬಂದಾಗ ಅದನ್ನು ಲಾಭವೆಂದು ಬರೆಯುವ ಗುಮಾಸ್ತನನ್ನು ಯಾವ ಸಾಹುಕಾರನೂ ಇಟ್ಟುಕೊಳ್ಳುವುದಿಲ್ಲ. ಅದು ಅನಾಮತ್ತು ಖಾತೆಗೆ ಜಮೆಯಾಗುತ್ತದೆ. ಅಂಗಡಿಯ ಪಾಲಿಗೆ ಅದು ಸಾಲ. ದಿನ ಕಳೆದ ಮಾತ್ರಕ್ಕೆ ಸಾಲವು ಸ್ವಂತದ ಆಸ್ತಿಯಾಗುವುದಿಲ್ಲ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಗಳನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕು 2014ರಲ್ಲಿ ಸ್ಥಾಪಿಸಿದ ನಿಧಿಗೆ ವರ್ಗಾಯಿಸುತ್ತವೆ. ಆಮೇಲೂ ಠೇವಣಿದಾರನಾಗಲಿ ಅವನ ವಾರಸುದಾರರಾಗಲಿ ಬಂದು ಕೇಳಿದರೆ ಹಣ ಕೊಡಲೇಬೇಕು. ಲೇವಾದೇವಿಯ ಲೋಕವೇ ಇಷ್ಟು ತಾಳ್ಮೆ ತೋರುವಾಗ ವ್ರತಿಕನು ಒಂದೇ ರಾತ್ರಿಯಲ್ಲಿ ಹುಂಡಿಯನ್ನು ನೆನೆಯುವುದು ಆತುರವಲ್ಲವೆ?

ಬಸದಿಗಳ ಟ್ರಸ್ಟುಗಳಿಗೂ ಈ ಪ್ರಶ್ನೆ ಹೊರತಲ್ಲ. ಪೂಜೆ ಮುಗಿದ ಮೇಲೆ ಕೊಡೆ, ಕನ್ನಡಕ, ಕೆಲವೊಮ್ಮೆ ಉಂಗುರವೂ ಉಳಿದುಬಿಡುತ್ತದೆ. ಬಸದಿಯಲ್ಲಿ ಸಿಕ್ಕಿದ್ದು ಬಸದಿಯದೇ ಎಂಬ ಭಾವನೆ ಆಡಳಿತದವರಲ್ಲಿ ಸಹಜವಾಗಿ ಬೆಳೆಯುತ್ತದೆ. ಮರೆತು ಹೋದವನು ಕಾಣಿಕೆ ಕೊಟ್ಟವನಲ್ಲ. ಇಂಥ ವಸ್ತುಗಳಿಗೆ ಬೇರೆ ಪುಸ್ತಕವೊಂದು, ಬಾಗಿಲ ಬಳಿ ಒಂದು ಸೂಚನಾ ಫಲಕ ಇವಕ್ಕೆ ಎಷ್ಟು ಖರ್ಚು?

ಗುಮಾಸ್ತನೇನೋ ಮರುದಿನವೂ ಬ್ಯಾಂಕಿಗೆ ಹೋಗಬೇಕಾಗಿಯೇ ಇತ್ತು. ಹುಂಡಿಯ ಕಡೆಗೆ ತಿರುಗುವ ಮೊದಲು ಕ್ಯಾಷಿಯರರನ್ನು ಒಂದು ಮಾತು ಕೇಳಲು ಅವನಿಗೆ ಎರಡು ನಿಮಿಷ ಸಾಕು. ಯಾರೂ ವಿಚಾರಿಸಿಲ್ಲವೆಂದಾದರೆ ಅಂಗಡಿಯ ಹೆಸರನ್ನು ಅಲ್ಲಿ ಬರೆದುಕೊಟ್ಟು ಬರಬಹುದು. ಸಾಹುಕಾರರ ಅನಾಮತ್ತು ಖಾತೆಯಲ್ಲಿ ಆಗ ಒಂದು ಸಾಲು ಸೇರುತ್ತದೆ: ರೂ. 500, ಬ್ಯಾಂಕಿನ ಮೇಜಿನ ಕೆಳಗೆ, ಮಧ್ಯಾಹ್ನ 12-30, ಒಡೆಯರು ಬರಬೇಕು.