ಆಟಾನಾ, ಪಾಠಾನಾ?

"ಅಪ್ಪಾ, ಇದು ಆಟ ಅಲ್ಲ. ನೀನು ಸುಳ್ಳು ಹೇಳ್ತಿದ್ದೀಯ."

ಐದೂವರೆ ವರ್ಷದ ಮಗಳು ಹೀಗಂದು ಎದ್ದು ಹೋದಾಗ ನನ್ನ ಕೈಯಲ್ಲಿ ಇನ್ನೂ ಅಕ್ಷರದ ಚೀಟಿಗಳಿದ್ದವು. ಹಳೇ ಲಗ್ನಪತ್ರಿಕೆಗಳನ್ನ ಚೌಕ ಚೌಕವಾಗಿ ಕತ್ತರಿಸಿ, ಹಿಂಬದಿಗೆ ಸ್ಕೆಚ್ ಪೆನ್ನಲ್ಲಿ ದಪ್ಪಗೆ ಅಕ್ಷರ ಬರೆದು, ಎರಡು ಶನಿವಾರ ಕೂತು ಮಾಡಿದ್ದು. ಅವಳು ಹೋಗಿ ಬಾಲ್ಕನಿಯಲ್ಲಿ ಕೂತಳು. ನಾನು ಚೀಟಿಗಳನ್ನ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದೆ. ಸುಳ್ಳು ಹೇಳ್ತಿದ್ದೀಯ ಅನ್ನೋ ಮಾತು ಮಾತ್ರ ರಾತ್ರಿಯೆಲ್ಲಾ ತಲೇಲಿ ಉಳೀತು. ಯಾಕಂದ್ರೆ ಅವಳು ಹೇಳಿದ್ದು ನಿಜ ಆಗಿತ್ತು.

ಶುರುವಿನಲ್ಲಿ ಹೀಗಿರಲಿಲ್ಲ. ಅವಳ ಸ್ಕೂಲು ಇಂಗ್ಲಿಷ್ ಮೀಡಿಯಂ. ಕನ್ನಡ ಅಲ್ಲಿ ನಿಧಾನಕ್ಕೆ ಬರುತ್ತೆ, ಬಂದಾಗಲೂ ಒಂದು ಸಬ್ಜೆಕ್ಟ್ ಆಗಿ ಬರುತ್ತೆ. ಮನೆ ಮಾತಿನ ಅಕ್ಷರ ಮನೆಯಲ್ಲೇ ಕಲೀಲಿ ಅಂತ ನನ್ನ ಆಸೆ. ಆದರೆ ನಾನು ಕಲಿತ ಹಾಗೆ ಕಲಿಸಬಾರದು ಅನ್ನೋದು ಗಟ್ಟಿ ಇತ್ತು. ನಾನು ಕಲಿತದ್ದು ತುಮಕೂರು ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ. ಮರಳ ಮೇಲೆ ಬೆರಳಿಟ್ಟು ತಿದ್ದೋದು, ತಪ್ಪಿದರೆ ಅದೇ ಬೆರಳಿನ ಗಿಣ್ಣಿಗೆ ಏಟು.

ಹಾಗಾಗಿ ಆಟಗಳನ್ನ ಹುಡುಕಿದೆ. ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ ಬೆರಳಲ್ಲಿ ಬರೆಯೋದು, ತಪ್ಪಾದರೆ ತಟ್ಟೆ ಅಲ್ಲಾಡಿಸಿದರೆ ಸಾಕು, ತಪ್ಪು ಮಾಯ. ಕುಂಟೆಬಿಲ್ಲೆಯ ಮನೆಗಳಲ್ಲಿ ಅಕ್ಷರ ಬರೆದು, ಯಾವ ಮನೆಗೆ ಬಿಲ್ಲೆ ಬಿತ್ತೋ ಆ ಅಕ್ಷರದಿಂದ ಶುರುವಾಗೋ ಒಂದು ತಿಂಡಿ ಹೇಳೋದು. ಅಡುಗೆಮನೆಯ ಡಬ್ಬಿಗಳಿಗೆ ರವೆ, ಬೇಳೆ, ಅವಲಕ್ಕಿ ಅಂತ ಚೀಟಿ ಅಂಟಿಸಿ, ಒಂದು ದಿನ ಎರಡು ಚೀಟಿ ಅದಲು ಬದಲು ಮಾಡಿ ಅಮ್ಮನ್ನ ಏಮಾರಿಸೋದು. ಈ ಕೊನೇದು ಅವಳಿಗೆ ಪ್ರಾಣ.

ಅಕ್ಷರಗಳ ಕ್ರಮದಲ್ಲೂ ಒಂದು ವಿಷಯ ಗೊತ್ತಾಯ್ತು. ನಾವು ಅ ಆ ಇ ಈ ಅಂತ 49 ಅಕ್ಷರ ಸಾಲಾಗಿ ಒಪ್ಪಿಸಿದವರು. ಅಷ್ಟೂ ಮುಗಿದು, ಕಾಗುಣಿತ ಮುಗಿದು, ಒತ್ತಕ್ಷರ ಬಂದ ಮೇಲೇ ನಮಗೆ ಓದೋ ಭಾಗ್ಯ. ಈಗ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಹಾಗಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿಯ ಮಾದರಿ ನೋಡಿ ಬಂದ ಮೇಷ್ಟ್ರುಗಳು ಶುರು ಮಾಡಿದ ಪದ್ಧತಿ ಅದು. ಅಲ್ಲಿ ಮೊದಲು ಬರೋದು ರ, ಗ, ಸ, ದ, ಅ. ಯಾಕೆ ಅಂತ ಚೀಟಿ ಹರಡಿ ನೋಡಿದಾಗಲೇ ಅರ್ಥವಾಗಿದ್ದು. ಬರೀ ಐದು ಅಕ್ಷರದಲ್ಲಿ ಸರ, ರಸ, ದರ, ಅರಸ, ಅಗಸ, ಗರಗಸ, ಗದಗ! ಮೊದಲ ವಾರದಲ್ಲೇ ಮಗುವಿಗೆ ಓದಿದ ಖುಷಿ ಸಿಗುತ್ತೆ. ಗದಗವನ್ನ ಹಿಂದಿನಿಂದ ಓದಿದರೂ ಗದಗ ಅಂತ ಗೊತ್ತಾದ ದಿನ ಅವಳು ಕುಣಿದಿದ್ದೇ ಕುಣಿದಿದ್ದು. ಆಮೇಲೆ ಕಿಟಕಿ, ಕನಕ, ಜಲಜ ಅಂತ ಹುಡುಕಾಟ. ದ ಅಕ್ಷರದ ಹೊಟ್ಟೆ ಸೀಳಿದರೆ ಧ, ಒಳಗೊಂದು ಚುಕ್ಕೆ ಇಟ್ಟರೆ ಥ ಅನ್ನೋದನ್ನ ಅವಳೇ ಕಂಡುಹಿಡಿದಳು. "ಥ ನುಂಗಿಬಿಟ್ಟಿದೆ ಅಪ್ಪಾ" ಅಂದಳು.

ಇಲ್ಲೀವರೆಗೆ ಎಲ್ಲಾ ಚೆನ್ನಾಗಿತ್ತು. ಆಮೇಲೆ ಕೆಡಿಸಿದ್ದು ನಾನು.

ಒಂದು ದಿನ ನೆಂಟರ ವಾಟ್ಸಾಪ್ ಗುಂಪಿಗೆ ಒಬ್ಬರು ವೀಡಿಯೋ ಹಾಕಿದರು. ನನ್ನ ಮಗಳಿಗಿಂತ ಚಿಕ್ಕ ಹುಡುಗ ಪೇಪರಿನ ಹೆಡ್‌ಲೈನ್ ಓದ್ತಿದ್ದಾನೆ. ಕೆಳಗೆ ಮೂವತ್ತು ಚಪ್ಪಾಳೆ. ಅವತ್ತು ರಾತ್ರಿ ನಾನು ಲ್ಯಾಪ್‌ಟಾಪಲ್ಲಿ ಒಂದು ಎಕ್ಸೆಲ್ ಶೀಟ್ ತೆರೆದೆ. ದಿನಕ್ಕೆ ಎಷ್ಟು ಅಕ್ಷರ, ಎಷ್ಟು ತಪ್ಪು, ಯಾವ ಬಣ್ಣ. ಗೋಡೆ ಮೇಲೆ ನಕ್ಷತ್ರದ ಚಾರ್ಟ್ ಬಂತು. ಸತತ ಐದು ದಿನ ಆಡಿದರೆ ಒಂದು ಚಾಕಲೇಟ್. ಒಂದು ದಿನ ತಪ್ಪಿದರೆ ಲೆಕ್ಕ ಮತ್ತೆ ಸೊನ್ನೆಯಿಂದ.

ಇದನ್ನ ಎಲ್ಲಿಂದ ಕಲಿತೆ ಅಂತ ಕೇಳ್ತೀರಾ? ಆಫೀಸಿನಿಂದ. ನನ್ನ ಕೆಲಸವೇ ಅದು. ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದು ಹತ್ತು ಹನ್ನೆರಡು ವರ್ಷದಲ್ಲಿ ನಾನು ಬರೆದ ಕೋಡಿನ ಒಂದು ದೊಡ್ಡ ಭಾಗ, ಜನ ದಿನಾ ಆ್ಯಪ್ ತೆರೆಯೋ ಹಾಗೆ ಮಾಡೋದಕ್ಕೆ. ಸರಪಳಿ ಮುರೀಬಾರದು ಅನ್ನೋ ಭಯ ಹುಟ್ಟಿಸೋದು, ಕೆಂಪು ಚುಕ್ಕೆ ತೋರಿಸೋದು, ಪದಕ ಕೊಡೋದು. ಅದಕ್ಕೆ ನಾವು ಆಟ ಅಂತಲೇ ಹೆಸರಿಟ್ಟಿದ್ದೀವಿ. ಬಳಸುವವನಿಗೆ ಅದು ಆಟ. ನಮಗೆ ಅದು ಸಂಖ್ಯೆ. ಆ ಎರಡರ ನಡುವಿನ ಅಂತರವನ್ನೇ ಮಗಳು ಸುಳ್ಳು ಅಂತ ಕರೆದಿದ್ದು. ನನ್ನ ಕಣ್ಣು ಅವಳ ಮುಖದ ಮೇಲಿರಲಿಲ್ಲ, ಚೀಟಿ ಎತ್ತೋ ಬೆರಳಿನ ಮೇಲಿತ್ತು. ಮಕ್ಕಳಿಗೆ ಅದು ಗೊತ್ತಾಗಿಬಿಡುತ್ತೆ.

ಪ್ರಶ್ನೆ ಹಳೇದು. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 1693ರಲ್ಲಿ ಮಕ್ಕಳ ಶಿಕ್ಷಣದ ಬಗ್ಗೆ ಒಂದು ಪುಸ್ತಕ ತಂದ. ಹೊಡೆದು ಬಡಿದು ಓದಿಸೋದನ್ನ ಆ ಕಾಲಕ್ಕೇ ವಿರೋಧಿಸಿದವನು. ದಂತದ ಒಂದು ಚೆಂಡಿಗೆ ಇಪ್ಪತ್ತೈದು ಮುಖ ಮಾಡಿಸಿ, ಅದರ ಮೇಲೆ ಅಕ್ಷರ ಅಂಟಿಸಿ, ದಾಳದ ಹಾಗೆ ಉರುಳಿಸಿ ಆಡಿಸಿ ಅಂದ. ಮಗುವಿಗೆ ಇದು ಪಾಠ ಅಂತ ಗೊತ್ತೇ ಆಗಬಾರದು, ಉಪಾಯವಾಗಿ ಏಮಾರಿಸಿಯೇ ಅಕ್ಷರ ಕಲಿಸಬಹುದು ಅನ್ನೋದು ಅವನ ಮಾತಿನ ಸಾರ. ಓದಿದಾಗ ನಗು ಬಂತು. ನನ್ನ ಲಗ್ನಪತ್ರಿಕೆ ಚೀಟಿಗಳಿಗೆ ಮುನ್ನೂರು ವರ್ಷದ ಹಿಂದಿನ ಅಜ್ಜ ಸಿಕ್ಕಿದ್ದ.

1762ರಲ್ಲಿ ಫ್ರೆಂಚ್ ಭಾಷೆಯಲ್ಲಿ 'ಎಮಿಲ್' ಬರೆದ ರೂಸೋ ಈ ದಾಳಗಳನ್ನ ಗೇಲಿ ಮಾಡ್ತಾನೆ. ಇವೆಲ್ಲಕ್ಕಿಂತ ದೊಡ್ಡ ಸಾಧನ ಒಂದಿದೆ, ಅದನ್ನೇ ಎಲ್ಲರೂ ಮರೀತಾರೆ, ಅದು ಕಲಿಯೋ ಆಸೆ ಅಂತಾನೆ. ಅವನ ಹುಡುಗನಿಗೆ ಊಟಕ್ಕೆ ಬಾ, ದೋಣಿ ವಿಹಾರಕ್ಕೆ ಬಾ ಅಂತ ಚೀಟಿಗಳು ಬರುತ್ತವೆ. ಓದಿ ಹೇಳೋಕೆ ಯಾರೂ ಸಿಗಲ್ಲ, ಸಿಗೋ ಹೊತ್ತಿಗೆ ಸಮಯ ಮೀರಿರುತ್ತೆ. ಅಯ್ಯೋ ನನಗೇ ಓದೋಕೆ ಬಂದಿದ್ರೆ ಅನ್ಸುತ್ತೆ. ಅಲ್ಲಿಂದ ಕಲಿಕೆ. ಚೆಂದದ ಮಾತು. ಆದರೆ ಇದೇ ರೂಸೋ ಹೆತ್ತ ಮಕ್ಕಳನ್ನ ಅನಾಥಾಲಯಕ್ಕೆ ಬಿಟ್ಟವನು. ಮಗು ಎದುರಿಗಿಲ್ಲದವನಿಗೆ ಆಸೆ ಹುಟ್ಟೋವರೆಗೂ ಕಾಯೋದು ಸುಲಭ ಅಂತ ನನ್ನ ಹೆಂಡತಿ ಅಂದಳು. ಅದೂ ಸರಿಯೇ.

ಊರಿಗೆ ಹೋದಾಗ ಇದನ್ನ ಹೇಳಿದರೆ ದೊಡ್ಡವರು ನಗ್ತಾರೆ. "ಏನು ಆಟಾನೋ ಏನೋ. ನಾವು ಏಟು ತಿಂದು ಕಲಿಯಲಿಲ್ವಾ, ನಮಗೇನಾಯ್ತು? ನೀನೇ ಎಂಜಿನಿಯರ್ ಆಗಲಿಲ್ವಾ?" ಈ ಮಾತಿಗೆ ನನ್ನ ಹತ್ತಿರ ಬಹಳ ದಿನ ಉತ್ತರ ಇರಲಿಲ್ಲ. ಈಗ ಇದೆ. ಆ ಉತ್ತರ ನನ್ನ ಪಕ್ಕದಲ್ಲೇ ಕೂರ್ತಿದ್ದ ಗೆಳೆಯ.

ಹೆಸರು ಬೇಡ. ಲೆಕ್ಕದಲ್ಲಿ ನನಗಿಂತ ಚುರುಕು. ತೆಂಗಿನಕಾಯಿ ರಾಶಿ ನೋಡಿದರೆ ಎಷ್ಟಿದೆ ಅಂತ ಹೇಳೋನು, ಎಣಿಸಿದರೆ ಹತ್ತು ಹೆಚ್ಚು ಕಡಿಮೆ ಅಷ್ಟೇ. ಆದರೆ ಒತ್ತಕ್ಷರ ಬಂದ ವರ್ಷ ಅವನು ಸಿಕ್ಕಿಬಿದ್ದ. ದಿನಾ ಎದ್ದು ನಿಂತು ಓದಬೇಕು, ದಿನಾ ತಡವರಿಸಬೇಕು, ದಿನಾ ಏಟು. ಕೊನೆಗೆ ಬಾಯೇ ಬಿಡೋದು ನಿಲ್ಲಿಸಿದ. ನಾಲ್ಕನೇ ಕ್ಲಾಸು ಮುಗಿಯೋ ಹೊತ್ತಿಗೆ ಶಾಲೆ ಬಿಟ್ಟ. ಈಗ ಗೂಡ್ಸ್ ಟೆಂಪೋ ಓಡಿಸ್ತಾನೆ, ಚೆನ್ನಾಗೇ ದುಡೀತಾನೆ. ಆದರೆ ನನಗೆ ಅವನಿಂದ ಬರೋದು ವಾಯ್ಸ್ ಮೆಸೇಜ್ ಮಾತ್ರ. ಒಮ್ಮೆ ಸಾಲದ ಪತ್ರವೊಂದರ ಫೋಟೋ ಕಳಿಸಿ, "ಇದ್ರಾಗೆ ಏನೈತೆ ನೋಡಿ ಹೇಳಪ್ಪ, ಆಗ್ಲೇ ಸೈನ್ ಮಾಡಿವ್ನಿ" ಅಂದ. ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಲಿ ಬಿಡು ಅಂದ.

ಏಟು ತಿಂದು ಕಲಿತೆವು ಅನ್ನುವವರು ಲೆಕ್ಕ ಹಾಕೋದು ಪಾಸಾದವರನ್ನ ಮಾತ್ರ. ಏಟು ತಿಂದು ಬಿಟ್ಟುಹೋದವರು ಈ ಮಾತಾಡೋ ಜಾಗದಲ್ಲಿ ಇರೋದೇ ಇಲ್ಲ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಸಾಕ್ಷರತೆ ಶೇ. 75 ದಾಟಿದೆ ಅಂತ ನಾವು ಓದ್ತೀವಿ. ಉಳಿದ ಕಾಲು ಭಾಗ ಅದನ್ನ ಓದಲ್ಲ.

ಹಾಗಂತ ಗೆಳೆಯನನ್ನ ನೆನೆಸಿಕೊಂಡು ನಾನು ಮಾಡಿದ್ದೆಲ್ಲಾ ಸರಿ ಅಂತಲೂ ಹೇಳಲಾರೆ. ಏಟಿನ ಜಾಗಕ್ಕೆ ನಾನು ತಂದದ್ದು ನಕ್ಷತ್ರ. ಎರಡರಲ್ಲೂ ಅಕ್ಷರ ಬರೀ ದಾರಿ. ಒಂದರಲ್ಲಿ ನೋವಿನಿಂದ ತಪ್ಪಿಸಿಕೊಳ್ಳೋಕೆ ಓದ್ಬೇಕು, ಇನ್ನೊಂದರಲ್ಲಿ ಚಾಕಲೇಟ್ ಸಿಗೋಕೆ ಓದ್ಬೇಕು. ನೋವು ಬೇರೆ, ಸಿಹಿ ಬೇರೆ, ಒಪ್ಪುತ್ತೇನೆ. ಏಟಿಗಿಂತ ನಕ್ಷತ್ರ ಸಾವಿರ ಪಾಲು ವಾಸಿ. ಆದರೆ ಓದೋದರಲ್ಲೇ ಏನೋ ಇದೆ ಅನ್ನೋ ಸುದ್ದಿಯನ್ನ ಎರಡೂ ಮಗುವಿಗೆ ಮುಟ್ಟಿಸಲ್ಲ.

ಹಾಗಾದರೆ ಆಟದಲ್ಲಿ ಪಾಠ ಸೇರಿಸೋದೇ ಮೋಸವಾ? ನನಗೆ ಹಾಗನ್ನಿಸಲ್ಲ. ನಮ್ಮಮ್ಮ ಅಳಗುಳಿಮಣೆ ಆಡಿಸ್ತಾ ಎಣಿಕೆ ಕಲಿಸಿದಳು, ಒಗಟು ಹೇಳ್ತಾ ಮಾತು ಕಲಿಸಿದಳು. ಅವಳಿಗೆ ಓದೋಕೆ ಬರಲ್ಲ. ಅವಳು ನಮಗೆ ಸುಳ್ಳು ಹೇಳಿದಳು ಅಂತ ಯಾವತ್ತೂ ಅನ್ನಿಸಿಲ್ಲ. ಯಾಕಂದ್ರೆ ಅವಳಿಗೂ ಆಟ ಗೆಲ್ಲಬೇಕಿತ್ತು! ಕಾಳು ಎಣಿಸೋದರಲ್ಲಿ ತಪ್ಪಿದರೆ ಮುಲಾಜಿಲ್ಲದೆ ನನ್ನ ಗುಳಿ ಕಿತ್ತುಕೊಳ್ತಿದ್ದಳು. ಅವಳು ಆಟದ ಒಳಗಿದ್ದಳು. ನಾನು ಹೊರಗೆ ನಿಂತು ಸ್ಕೋರ್ ಬರೀತಿದ್ದೆ.

ಯೋಚಿಸಿ ಯೋಚಿಸಿ ಒಂದು ಸಣ್ಣ ಪರೀಕ್ಷೆ ಇಟ್ಟುಕೊಂಡಿದ್ದೀನಿ. ಒಳಗಿನ ಗುಟ್ಟನ್ನ ಮಗುವಿಗೆ ಬಾಯಿಬಿಟ್ಟು ಹೇಳಿದ ಮೇಲೂ ಆಟ ನಡೆಯುತ್ತಾ? ನಡೆದರೆ ಅದು ಮೋಸ ಅಲ್ಲ. ಗುಟ್ಟು ಹೇಳಿದ ಕೂಡಲೇ ಬಿದ್ದುಹೋಗೋ ಆಟ ಆಟವೇ ಆಗಿರಲಿಲ್ಲ, ಬಲೆಗೆ ಹಾಕಿದ ಕಾಳು.

ಮಾರನೇ ಭಾನುವಾರ ಮಗಳನ್ನ ಕೂರಿಸಿಕೊಂಡು ಹೇಳಿದೆ. ನೋಡು ಪುಟ್ಟಾ, ಈ ಚೀಟಿ ಆಟದಿಂದ ನೀನು ಓದೋದು ಕಲೀಲಿ ಅಂತ ನನಗೆ ಆಸೆ. ಅದನ್ನ ಹೇಳದೇ ಇದ್ದದ್ದು ತಪ್ಪು. ನಿನಗೆ ಇಷ್ಟ ಇದ್ದರೆ ಆಡೋಣ, ಇಲ್ಲದಿದ್ದರೆ ಬೇಡ. ಅವಳು ಸ್ವಲ್ಪ ಯೋಚಿಸಿ, "ಡಬ್ಬಿ ಆಟ ಇರಲಿ. ಸ್ಟಾರ್ ಬೇಡ" ಅಂದಳು. ಚಾರ್ಟನ್ನ ಅವಳೇ ಕಿತ್ತಳು. ಎಕ್ಸೆಲ್ ಶೀಟನ್ನ ನಾನು ಅಳಿಸಿದೆ. ಚಾಕಲೇಟ್ ಬಗ್ಗೆ ಇಬ್ಬರೂ ಮಾತಾಡಲಿಲ್ಲ, ಅದು ಹಾಗೇ ಉಳೀತು.

ಈಗ ನಮ್ಮ ಮನೆಯಲ್ಲಿ ಚೀಟಿಗಳಿವೆ, ಆದರೆ ಅವು ಚೀಟಿಯ ಕೆಲಸ ಮಾಡೋ ಚೀಟಿಗಳು. ನಾನು ಬೆಳಿಗ್ಗೆ ಬೇಗ ಹೊರಟರೆ ಅವಳ ಟಿಫಿನ್ ಡಬ್ಬಿ ಮೇಲೆ "ಇಂದು ದೋಸೆ" ಅಂತ. ಸಂಜೆ ಪಾರ್ಕಿಗೆ ಹೋಗೋದಿದ್ದರೆ ಕನ್ನಡಿ ಮೇಲೆ ಒಂದು. ಓದಲಿಲ್ಲ ಅಂದ್ರೆ ಯಾರೂ ಕೇಳಲ್ಲ. ರಾತ್ರಿ ಮಲಗೋ ಮುಂಚೆ ಒಂದು ಕತೆ ನಾನು ಓದ್ತೀನಿ, ಬೆರಳಿಟ್ಟು ಪರೀಕ್ಷೆ ಮಾಡಲ್ಲ. ಬೇಸರವಾದ ದಿನ ನನಗೂ ಬೇಸರ ಅಂತ ಹೇಳಿಬಿಡ್ತೀನಿ. ನಿಧಾನವಾಗಿದೆ, ನಿಜ. ವೀಡಿಯೋ ಹಾಕೋ ಹಾಗೇನೂ ಇಲ್ಲ.

ಆಫೀಸಿನ ಕೆಲಸ? ಅದಿನ್ನೂ ಮಾಡ್ತಿದ್ದೀನಿ. ಅದೇ ಪರೀಕ್ಷೆಯನ್ನ ಅಲ್ಲಿ ಇಟ್ಟರೆ ನನ್ನ ಕೋಡಿನಲ್ಲಿ ಎಷ್ಟು ಉಳಿಯುತ್ತೆ ಅಂತ ಕೇಳಿಕೊಳ್ಳೋಕೆ ಧೈರ್ಯ ಸಾಲ್ತಿಲ್ಲ. ಮಗಳ ಮುಂದೆ ಒಪ್ಪಿಕೊಂಡಷ್ಟು ಸುಲಭ ಅಲ್ಲ, ಗೃಹಸಾಲ ಇದೆ. ಇದನ್ನೂ ಬರೆದಿಡಬೇಕು ಅನ್ನಿಸ್ತು.

ಕಳೆದ ವಾರ ಆಫೀಸಿನಿಂದ ಬಂದಾಗ ನನ್ನ ಚಪ್ಪಲಿ ಸ್ಟ್ಯಾಂಡಿನ ಮೇಲೆ ಒಂದು ಲಗ್ನಪತ್ರಿಕೆ ಚೂರು ಇತ್ತು. ಹಿಂದೆ ವಕ್ರ ವಕ್ರವಾಗಿ "ಇವತು ಆಟ ಬೇಡ" ಅಂತ ಬರೆದಿತ್ತು. ಅವಳು ತಾನಾಗಿ ಬರೆದ ಮೊದಲ ವಾಕ್ಯ ಅದು. ಬೇಡ ಅನ್ನೋಕೆ ಅಕ್ಷರ ಬಳಸಿದ್ದಳು. ನನ್ನ ಗೆಳೆಯನಿಗೆ ಆ ಸಾಲದ ಪತ್ರದ ಮುಂದೆ ಬೇಕಾಗಿದ್ದದ್ದೂ ಇಷ್ಟೇ ಅಲ್ವಾ.

ತ ಒತ್ತು ಬಿಟ್ಟುಹೋಗಿತ್ತು. ತಿದ್ದೋಕೆ ಕೈ ಹೋಯ್ತು, ಹಿಂದೆ ತಗೊಂಡೆ. ಅದರ ಕೆಳಗೆ "ಆಯ್ತು" ಅಂತ ಬರೆದಿಟ್ಟೆ. ಅವತ್ತು ನಾವು ಆಡಲಿಲ್ಲ.